ಹದಿನೈದು ಪರಿಚಯಗಳು

ಕಾಗದದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ವಿಶ್ವವಿದ್ಯಾಲಯದ ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಕೂತರೆ ಎಡಕ್ಕೆ ವಾಲುವ ಬೆಂಚಿನ ಮೇಲೆ, ಮೂವತ್ತಾರು ಎಂದು ಬರೆದ ಚೀಟಿಯನ್ನು ಹೆಬ್ಬೆರಳಿನಡಿ ಒತ್ತಿಟ್ಟುಕೊಂಡು ಅವನು ಅದನ್ನು ಏಳನೆಯ ಸಲ ಓದಿದ. ಒಂದು ಒತ್ತು ಜಾರಿರಲಿಲ್ಲ, ಒಂದು ಅಲ್ಪವಿರಾಮ ದಾರಿ ತಪ್ಪಿರಲಿಲ್ಲ. 'ಸಂಜೆ ಕಾಲೇಜಿನಲ್ಲಿ ತಾವು ಗಳಿಸಿರುವ ಎಂಬತ್ತೆಂಟು ಕ್ರೆಡಿಟ್‌ಗಳಲ್ಲಿ ಇಪ್ಪತ್ತೆಂಟನ್ನು ಮಾತ್ರ ಮಾನ್ಯ ಮಾಡಲಾಗಿದೆ.' ಬರೆದವರು ಯಾರೋ ಭಾಷೆ ಬಲ್ಲವರು. ಕ್ರಿಯಾಪದವನ್ನು ಇಡಬೇಕಾದ ಕಡೆ ಇಟ್ಟು ಕೈ ತೊಳೆದುಕೊಂಡಿದ್ದರು. ತಪ್ಪು ಹುಡುಕಿ ಹೊಟ್ಟೆ ಹೊರೆಯುವವನಿಗೆ ತಪ್ಪಿಲ್ಲದ ಕಾಗದದಂಥ ಗೋಡೆ ಇನ್ನೊಂದಿಲ್ಲ. ಅಚ್ಚುಕೂಟದಲ್ಲಿ, ಔಷಧದ ಡಬ್ಬಿಯೊಳಗೆ ಮಡಿಚಿಡುವ ಚೀಟಿಗಳ ಕರಡು ತಿದ್ದುವುದು ಅವನ ಕೆಲಸ. ಇವತ್ತು ಬೆಳಿಗ್ಗೆ ಕೆಮ್ಮಿನ ಔಷಧದ ಚೀಟಿಯೊಂದನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದರೂ ಅಕ್ಷರಗಳು ಇರುವೆ ಸಾಲಿನ ಹಾಗೆ ಕಣ್ಣ ಮುಂದೆ ಹಾದುಹೋದವೇ ಹೊರತು ಒಂದೂ ನಿಂತು ಮಾತಾಡಿಸಲಿಲ್ಲ. ಅರ್ಧ ದಿನದ ರಜೆ ಕೇಳಿದಾಗ ಮೇಲ್ವಿಚಾರಕ ಎಲ್ಲರಿಗೂ ಕೇಳುವಂತೆ, "ಮತ್ತೆ ಕಾಲೇಜಾ? ನಲವತ್ತೊಂದಕ್ಕೆ ಓದಿದ್ರೆ ಏರೋದು ಕನ್ನಡಕದ ನಂಬರೊಂದೇ ಕಣಯ್ಯಾ" ಎಂದಿದ್ದ. ಅವನೂ ನಕ್ಕಿದ್ದ. ಇಂಥ ಮಾತಿಗೆ ನಗುವುದನ್ನು ಅವನು ಯಾವ ಕಾಲೇಜಿಗೂ ಹೋಗದೆ ಕಲಿತಿದ್ದ.

ಕಾಗದದ ಕೆಳಗೆ, ಕೋಷ್ಟಕ ಮುಗಿದ ಮೇಲೆ, ಸಣ್ಣ ಅಕ್ಷರದ ಒಂದು ಸಾಲಿತ್ತು. ಅದನ್ನು ಅವನು ಏಳು ಸಲವೂ ಕೊನೆಗೆ ಉಳಿಸಿಕೊಂಡಿದ್ದ, ಕಹಿ ಗುಳಿಗೆಯನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡ ಹಾಗೆ. 'ಶೀರ್ಷಿಕೆಯಲ್ಲಿ ಪರಿಚಯ ಎಂದಿರುವ ಹದಿನೈದು ವಿಷಯಗಳು ಆರಂಭಿಕ ಹಂತದವಾದ್ದರಿಂದ ಪದವಿಗೆ ಪರಿಗಣಿಸಲಾಗುವುದಿಲ್ಲ.' ಮನೋವಿಜ್ಞಾನ ಪರಿಚಯ. ಅಂಕಿಅಂಶ ಪರಿಚಯ. ಆಡಳಿತ ಪರಿಚಯ. ಹದಿನೈದು. ವಿಷಯಕ್ಕೆ ನಾಲ್ಕರಂತೆ ಅರವತ್ತು ಕ್ರೆಡಿಟ್, ಅಂದರೆ ಮೂರು ವರ್ಷದ ಸಂಜೆಗಳು ಒಂದೇ ಪದದ ಬಾಯಿಗೆ ಬಿದ್ದಿದ್ದವು. ಆ ಪದವನ್ನು ಅಲ್ಲಿ ಕೂರಿಸಿದವನು ಅವನೇ ಎಂಬುದು ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮನೆಯಲ್ಲೂ ಗೊತ್ತಿರಲಿಲ್ಲ. ಆಗ, ಕಾಲೇಜು ಇನ್ನೂ ಮುಚ್ಚಿರದ ಕಾಲದಲ್ಲಿ, ಹಗಲು ಹೊತ್ತು ಅವನು ಸಂಜೆ ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟ್, ದೀಪ ಹಾಕಿದ ಮೇಲೆ ಅದೇ ಕಾಲೇಜಿನ ವಿದ್ಯಾರ್ಥಿ. ಮೇಷ್ಟ್ರು, ಅಂದರೆ ಕಾಲೇಜು ಕಟ್ಟಿದವರೂ ಅವರೇ, ಪ್ರಿನ್ಸಿಪಾಲರೂ ಅವರೇ, ಬೋರ್ಡು ಒರೆಸುವವರೂ ಅವರೇ, ಇಪ್ಪತ್ತೆರಡು ವಿಷಯಗಳ ಪಟ್ಟಿಯೊಂದನ್ನು ಹಳೆಯ ಲಕೋಟೆಯ ಬೆನ್ನ ಮೇಲೆ ಗೀಚಿ ಕೊಟ್ಟು, "ಚೆಂದ ಮಾಡಿ ಹೊಡಿ" ಎಂದಿದ್ದರು. ಹೊಡೆದ. ಚೆಂದವಾಗಲಿಲ್ಲ. ಕೆಲವು ಹೆಸರು ಉದ್ದ, ಕೆಲವು ಒಂದೇ ಪದ; ಒಂದೇ ಪದದವು ಬೋಳಾಗಿ, ಅಂಗಿ ತೊಡದೆ ಬೀದಿಗೆ ಬಂದವರ ಹಾಗೆ ಕಂಡವು. ಮಧ್ಯಾಹ್ನದ ಬಿಸಿಲು ಟೈಪಿನ ಮೇಜಿನ ಅರ್ಧಕ್ಕೆ ಬಂದಿತ್ತು, ಬೇರೆ ಕೆಲಸವಿರಲಿಲ್ಲ. ಮನೋವಿಜ್ಞಾನದ ಮುಂದೆ 'ಪರಿಚಯ' ಎಂದು ಒತ್ತಿ ನೋಡಿದ. ಸಾಲು ತುಂಬಿಕೊಂಡಿತು. ಇನ್ನೊಂದಕ್ಕೂ ಹಾಕಿದ. ಹದಿನೈದಕ್ಕೆ ಹಾಕುವ ಹೊತ್ತಿಗೆ ಪುಟದ ಬಲ ಅಂಚು ದಾರ ಹಿಡಿದು ಕತ್ತರಿಸಿದ ಹಾಗೆ ಬಂದಿತ್ತು, ಮತ್ತು ಅವನಿಗೆ, ಅದನ್ನು ಅವನು ಈಗಲೂ ಅಲ್ಲಗಳೆಯಲಾರ, ಸುಖವಾಗಿತ್ತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ಪುಟವನ್ನು ದೂರ ಹಿಡಿದು, "ಪರವಾಗಿಲ್ವೋ, ವಿನಯ ಇದೆ ಪಟ್ಟೀಲಿ. ಯಾವುದು ತಾನೇ ನಮಗೆ ಪೂರ್ತಿ ಗೊತ್ತು? ಎಲ್ಲಾ ಬರೀ ಪರಿಚಯವೇ" ಎಂದು ಸಹಿ ಹಾಕಿದ್ದರು. ಲಕೋಟೆಯನ್ನು ಅವನು ಹರಿದು ಬುಟ್ಟಿಗೆ ಹಾಕಿದ್ದ. ಶುದ್ಧ ಪ್ರತಿ ಆದ ಮೇಲೆ ಗೀಚಿದ್ದನ್ನು ಇಟ್ಟುಕೊಳ್ಳುವುದು ಟೈಪಿಸ್ಟಿನ ಮರ್ಯಾದೆಗೆ ಕಡಿಮೆ.

"ಏನೋ ದೀರ್ಘ, ಕಾಗದ ಉರು ಹೊಡೀತಿದ್ಯಾ?"

ಕಂಡಕ್ಟರ್ ಅಕ್ಕ. ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು, ಹೆಗಲಿಗೆ ಚರ್ಮದ ಸಂಚಿ, ಎಡಗೈ ಸೊಂಟದ ಹಿಂದೆ. ಇಪ್ಪತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತು ಅವಳ ಬೆನ್ನಿನ ಮೂಳೆ ಜರುಗಿತ್ತು. ಅವನಿಗೆ 'ದೀರ್ಘ' ಎಂಬ ಹೆಸರಿಟ್ಟವಳೂ ಅವಳೇ, ಸಂಜೆ ಕಾಲೇಜಿನಲ್ಲಿ ಜೊತೆಗೆ ಓದಲು ಕೂತ ಮೊದಲ ವಾರವೇ. ಅವಳ ಟಿಪ್ಪಣಿ ಪುಸ್ತಕವನ್ನು ನಕಲು ಮಾಡಿಕೊಳ್ಳಲು ಇಸಕೊಂಡು, ಬಿಟ್ಟುಹೋದ ದೀರ್ಘಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹಾಕಿ ವಾಪಸು ಕೊಟ್ಟಿದ್ದ. ಅವಳು ಬೆಂಚಿನ ತುದಿಗೆ ಕೂತಳು, ಬೆಂಚು ಬಲಕ್ಕೆ ವಾಲಿ ನೆಟ್ಟಗಾಯಿತು.

"ನೋಡು, ನಾನು ಬಂದ್ಮೇಲೆ ಸರಿಹೋಯ್ತು," ಎಂದಳು. "ನಿನ್ನ ನಂಬರೆಷ್ಟು? ಮೂವತ್ತಾರಾ? ನಂದು ಮೂವತ್ತೇಳು. ನಮ್ಮ ಹನ್ನೊಂದು ಜನದಲ್ಲಿ ಬಾಕಿ ಒಂಬತ್ತು ಜನ ಬರಲ್ವಂತೆ. ಹೋಗಿದ್ದು ಹೋಯ್ತು, ಇಪ್ಪತ್ತೆಂಟರ ಮೇಲೇ ಕಟ್ಕೋತೀವಿ ಅಂತಾರೆ. ನಾನೇ ಕೇಳೇಬಿಡೋಣ ಅಂತ ಬಂದೆ. ಕೇಳಿದ್ರೆ ನಾಲಿಗೆ ಸವೆಯತ್ತಾ? ದಿನಾ ಆರುನೂರು ಜನರ ಹತ್ರ ಚೀಟಿ ಕೇಳೋಳು ನಾನು."

"ಸಿಗದಿದ್ರೆ ಅಕ್ಕ?"

"ಸಿಗದಿದ್ರೆ ಇಪ್ಪತ್ತೆಂಟು ಇದ್ಯಲ್ಲ. ಲೆಕ್ಕ ಹಾಕಿದೀನಿ ಕಣೋ. ಒಂದೂ ಫೇಲಾಗದೆ ಓದಿದ್ರೆ, ಡಿಪೋ ಕಂಟ್ರೋಲರ್ ಕೆಲಸಕ್ಕೆ ವಯಸ್ಸು ಮುಗಿಯೋದಕ್ಕೆ ಎರಡು ತಿಂಗಳು ಮುಂಚೆ ಪದವಿ ಕೈಗೆ ಬರತ್ತೆ. ಪದವಿ ಇದ್ರೆ ಕುರ್ಚಿ, ಇಲ್ದಿದ್ರೆ ಕಂಬಿ. ಡಾಕ್ಟರು ಏನಂದ ಗೊತ್ತಾ? ಇನ್ನು ಮೂರು ವರ್ಷ ನಿಂತ್ರೆ ಆಮೇಲೆ ಕೂರೋಕೂ ಆಗಲ್ಲಮ್ಮ, ಮಲಗೋದೇ ಅಂದ. ಮಲಗಿದ್ರೆ ಸುಖವೇ ಅಲ್ವಾ ಡಾಕ್ಟ್ರೇ ಅಂದೆ. ನಗಲೇ ಇಲ್ಲ ಮುಂಡೇದು."

ಎರಡು ತಿಂಗಳು. ಅವಳು ಅದನ್ನು ಎರಡು ಎಕರೆ ಎಂಬಂತೆ ಹೇಳಿದ್ದಳು. ಮನೆಯಲ್ಲಿ, ಲಾಂಡ್ರಿಯಿಂದ ತಂದ ಬಟ್ಟೆಗೆ ಇಸ್ತ್ರಿ ಒತ್ತುತ್ತಾ ಹೆಂಡತಿಯೂ ಇದನ್ನೇ ಕೇಳಿದ್ದಳು, ಉಳಿದದ್ದೆಷ್ಟು ಅಂತ. ಹೋದದ್ದೆಷ್ಟು ಅಂತ ಕೇಳಲಿಲ್ಲ. ಈ ಹೆಂಗಸರಿಗೆ ಉಳಿದದ್ದರ ಲೆಕ್ಕ ಮೊದಲು. ನಾಲ್ಕು ವರ್ಷ, "ಸವತಿ ಆಗಿದ್ರೂ ನಿನ್ನ ಇಷ್ಟು ಹೊತ್ತು ಇಟ್ಕೋತಿರ್ಲಿಲ್ಲ ಕಣೋ, ಆ ಕಾಲೇಜು" ಎಂದು ಬೈದುಕೊಂಡೇ ಅವನ ಪಾಲಿನ ಸಂಜೆಯ ಕೆಲಸವನ್ನೂ ಮಾಡಿದವಳು. ಇಪ್ಪತ್ತೆಂಟು ಎಂದದ್ದಕ್ಕೆ ಕಾಲರೊಂದನ್ನು ತಿರುಗಿಸಿ ಒತ್ತುತ್ತಾ, "ಅಷ್ಟಾದ್ರೂ ಉಳೀತಲ್ಲ" ಎಂದಳು. ಅವಳ ಮುಖದ ಮೇಲೆ ಹಬೆ ಇತ್ತು. ಆಗ ಹೇಳಬಹುದಿತ್ತು. ನಾನೇ ಹಾಕಿದ್ದು ಕಣೇ, ಬೋಳು ಕಾಣ್ತಿತ್ತು ಅಂತ. ಹೇಳಿದ್ದರೆ ಅವಳು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಅವನನ್ನೊಮ್ಮೆ ನೋಡುತ್ತಿದ್ದಳು. ಆ ನೋಟದ ಶಾಖ ಅವನಿಗೆ ಹೇಳುವ ಮುಂಚೆಯೇ ತಗುಲಿತ್ತು.

"ಮೇಷ್ಟ್ರು ಹೇಗಿದಾರಂತೆ?" ಅಕ್ಕ ಕೇಳಿದಳು. "ನೀನು ಹೋಗಿದ್ಯಲ್ಲ ಹೋದ ತಿಂಗಳು, ಮಗಳ ಮನೆಗೆ."

"ಚೆನ್ನಾಗಿದಾರೆ ಅಕ್ಕ."

"ನನ್ನ ಕೇಳಿದ್ರಾ?"

"ಕೇಳಿದ್ರು."

ಅವಳ ಮುಖ ಅರಳಿತು. "ಕೇಳ್ದೆ ಇರ್ತಾರಾ! ನಾನು ಡಿಪೋದಲ್ಲಿ ಚೀಟಿ ಲೆಕ್ಕ ಒಪ್ಸಿ ಬರೋವರೆಗೂ ಪಾಠ ಶುರು ಮಾಡ್ತಿರ್ಲಿಲ್ವಲ್ಲೋ. ನೀವೆಲ್ಲ ಗಡಿಯಾರ ನೋಡ್ತಾ ಗೊಣಗೋರು. ಕಂಡಕ್ಟರ್ ಹತ್ತದೆ ಗಾಡಿ ಬಿಡೋಕಾಗತ್ತೇನ್ರೋ ಅನ್ನೋರು. ನಮ್ಮಪ್ಪ ನನ್ನ ಆರನೇ ಕ್ಲಾಸಿಗೇ ಬಿಡಿಸ್ದ. ಇಡೀ ಜನ್ಮದಲ್ಲಿ ನಂಗೋಸ್ಕರ ಒಬ್ರು ಕಾದಿದಾರೆ ಅಂದ್ರೆ ಅದು ಮೇಷ್ಟ್ರು."

ಮೇಷ್ಟ್ರು ಕೇಳಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಗುಂಡಿ ತಪ್ಪಿ ಹಾಕಿದ ಅಂಗಿಯಲ್ಲಿ ಕೂತು ಅವನನ್ನು ಬಹಳ ಸೌಜನ್ಯದಿಂದ ದಿಟ್ಟಿಸಿ, "ತಮ್ಮ ಪರಿಚಯ ಆಗ್ಲಿಲ್ಲ" ಎಂದಿದ್ದರು. ಅವನು ತನ್ನ ಹೆಸರು ಹೇಳಿದ. ಅವರು ಸಂತೋಷ, ಸಂತೋಷ ಎಂದರು. ಐದು ನಿಮಿಷವಾದ ಮೇಲೆ ಮತ್ತೆ ಅದನ್ನೇ ಕೇಳಿದರು. ಅದನ್ನೂ ಅವನು ಯಾರಿಗೂ ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡವು ಈಗೀಗ ಅವನೊಳಗೆ ಒಂದರ ಮೇಲೊಂದು ಕೂರುತ್ತಿದ್ದವು, ತಿದ್ದದ ಕರಡಿನ ಕಂತೆಯ ಹಾಗೆ.

"ಮೂವತ್ತಾರೂ!" ಜವಾನ ಕೂಗಿದ, ಕಾರಿಡಾರಿನ ಕೊನೆಯಲ್ಲಿ ಯಾರೋ ಕಿವುಡರು ಕೂತಿದ್ದಾರೆ ಎಂಬಂತೆ.

ಅಧಿಕಾರಿ ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಬೇರೆ ಕಾಲೇಜುಗಳಿಂದ ಬಂದ ಕ್ರೆಡಿಟ್‌ಗಳನ್ನು ತೂಗಿ ನೋಡುವುದು ಅವಳ ಕೆಲಸ. ಗದರಿಸುತ್ತಾಳೆ, ನಾನು ಕುಗ್ಗುತ್ತೇನೆ, ಕುಗ್ಗಿ ಹೊರಗೆ ಬರುತ್ತೇನೆ ಎಂದು ಅವನು ಮೆಟ್ಟಿಲು ಹತ್ತುವಾಗಲೇ ಸಿದ್ಧನಾಗಿದ್ದ. ಅವಳು ಎದ್ದು ನಿಂತು, "ಕೂತ್ಕೊಳ್ಳಿ ಸರ್, ಮೂರು ಮಹಡಿ ಹತ್ತಿದೀರ, ನೀರು ಕುಡೀರಿ" ಎಂದಳು. ಆ ನೀರೇ ಅವನನ್ನು ಕೆಡಿಸಿತು. ಬೈದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ.

"ಪಾಠ ಪೂರ್ತಿ ನಡೀತಿತ್ತು ಮೇಡಂ," ಎಂದ. "ಅಂಕಿಅಂಶದಲ್ಲಿ, ನೀವು ಇಲ್ಲಿ ಕೊನೇ ವರ್ಷಕ್ಕೆ ಹೇಳ್ಕೊಡೋದನ್ನೇ ನಮಗೂ ಹೇಳ್ಕೊಟ್ರು."

"ಇರ್ಬಹುದು ಸರ್. ಆದ್ರೆ ನಾನು ನಿಮ್ಮ ಕ್ಲಾಸಲ್ಲಿ ಕೂತಿರ್ಲಿಲ್ವಲ್ಲ. ನನ್ನ ಹತ್ರ ಇರೋದು ನಿಮ್ಮ ಕಾಲೇಜಿನ ಪಟ್ಟಿ. ಪಟ್ಟಿ ಪರಿಚಯ ಅಂದ್ರೆ ನಾನೂ ಪರಿಚಯ ಅಂತ್ಲೇ ಅನ್ಬೇಕು. ಹೊಸದಾಗಿ ಏನಾದ್ರೂ ಆಧಾರ ತಂದಿದೀರಾ?"

ಮೇಜಿನ ಗಾಜಿನಡಿ ಯಾವುದೋ ಮಗು ಬಿಡಿಸಿದ ಚಿತ್ರವಿತ್ತು, ಮನೆಗಿಂತ ದೊಡ್ಡ ಬೆಕ್ಕು. ಅವನು ಬೆಕ್ಕನ್ನು ನೋಡುತ್ತಾ ಹೇಳಿಬಿಟ್ಟ. ಪಟ್ಟಿ ಟೈಪ್ ಮಾಡಿದ್ದು ನಾನು. ಆ ಪದ ಮೂಲದಲ್ಲಿರಲಿಲ್ಲ. ಸಾಲು ಸಮ ಬರಲಿ ಅಂತ ಹಾಕಿದೆ. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಗಟ್ಟಿಯಾಯಿತು. ಜೊತೆಗೆ ಓದಿದ ಹತ್ತು ಜನರೂ ಕಣ್ಣ ಮುಂದೆ ಬಂದರು. ಬರುವುದಿಲ್ಲ ಎಂದ ಒಂಬತ್ತು ಜನವೂ ಬಂದರು, ಅವನ ಸುತ್ತ ನಿಂತರು, ನಿನ್ನಿಂದ ಹೋಗಿತ್ತು ನಿನ್ನಿಂದಲೇ ಬಂತು ಕಣೋ ಎಂದು ಯಾರೋ ಬೆನ್ನು ಚಪ್ಪರಿಸಿದರು, ಅಕ್ಕ ನಗುತ್ತಿದ್ದಳು. ತಪ್ಪೊಪ್ಪಿಕೊಳ್ಳುವಾಗಲೂ ತನಗೊಂದು ಹಾರ ಬೇಕು ಎಂಬುದು ಅವನಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಬಹಳ ಹಿತವಾಗಿತ್ತು. ಅಧಿಕಾರಿ ಪೆನ್ನು ಕೆಳಗಿಟ್ಟಳು.

"ಇದನ್ನ ಬರ್ದು ಕೊಡ್ತೀರಾ ಸರ್?"

"ಕೊಡ್ತೀನಿ."

ಬರೆದ. ಅಂದವಾದ ಆರು ವಾಕ್ಯಗಳು. ಸಹಿ ಹಾಕಿದ ಮೇಲೂ ಇನ್ನೊಮ್ಮೆ ಓದಿ, ಮೂರನೆಯ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ದೀರ್ಘವನ್ನು ಸೇರಿಸಿದ. ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನ ಗಾಜಿನ ಕೋಣೆಗೆ ಹೋದಳು. ಅಲ್ಲೊಬ್ಬರು ಹಿರಿಯರು. ಎರಡು ತಲೆಗಳು ಬಾಗಿದವು. ಹಿರಿಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಏನೋ ಹೇಳಿದರು, ಮುದ್ರೆಯೊಂದನ್ನು ಎತ್ತಿ ಒತ್ತಿದರು. ಗಾಜಿನಾಚೆಯಿಂದ ಶಬ್ದ ಬರಲಿಲ್ಲ. ಅವನು ಇನ್ನೊಂದು ಲೋಟ ನೀರು ಕುಡಿದ. ಹೆಂಡತಿಗೆ ಫೋನು ಮಾಡಿ ಯಾವ ಮಾತಿನಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದ.

"ಸರ್," ಅವಳು ಬಂದು ಕೂತಳು, ಈ ಸಲ ಕುರ್ಚಿಯ ತುದಿಗೆ. "ನೀವು ಪ್ರಾಮಾಣಿಕರು. ಮನಸ್ಸಿಂದ ಹೇಳ್ತಿದೀನಿ. ಆದ್ರೆ ತೊಂದ್ರೆ ಆಗಿದೆ. ಉಳಿದ ಏಳು ವಿಷಯ ಮಾನ್ಯ ಮಾಡಿದ್ದು ಇದೇ ಪಟ್ಟಿ ನಂಬಿಕೊಂಡು. ಪಟ್ಟಿ ನಾನೇ ಮನಸ್ಸಿಗೆ ಬಂದ ಹಾಗೆ ತಿದ್ದಿದ್ದು ಅಂತ ಟೈಪಿಸ್ಟೇ ಬರ್ದು ಕೊಟ್ಮೇಲೆ, ಯಾವುದು ಇದ್ದಿದ್ದು, ಯಾವುದು ಸೇರ್ಸಿದ್ದು ಅಂತ ನಾವು ಹೇಗೆ ಹೇಳೋದು?"

"ಹದಿನೈದೇ ಮೇಡಂ. ಏಳನ್ನ ಮುಟ್ಟಿಲ್ಲ."

"ಅದನ್ನ ಹೇಳ್ತಿರೋರೂ ನೀವೇ ಅಲ್ವಾ ಸರ್." ಅವಳು ಅದನ್ನು ಚುಚ್ಚಿ ಹೇಳಲಿಲ್ಲ. "ಪ್ರಿನ್ಸಿಪಾಲರು ಬರೆದ ಮೂಲ ಇದ್ಯಾ?"

"ಇಲ್ಲ. ಹರಿದು ಹಾಕ್ದೆ."

"ಅವರೇ ಬಂದು ಹೇಳ್ತಾರಾ?"

ಗುಂಡಿ ತಪ್ಪಿದ ಅಂಗಿ ಕಣ್ಣ ಮುಂದೆ ಬಂತು. "ಅವರಿಗೆ ನೆನಪಿಲ್ಲ," ಎಂದ. ಆಮೇಲೆ, "ನಂದೊಂದೇ ತೆಗೆದುಬಿಡಿ ಮೇಡಂ. ಬೇರೆಯವರದ್ದು ಹಾಗೇ ಇರ್ಲಿ."

"ಪಟ್ಟಿ ಒಂದೇ ಅಲ್ವಾ, ಹನ್ನೊಂದು ಜನಕ್ಕೂ."

"ಹಾಗಾದ್ರೆ ಆ ಕಾಗದ ವಾಪಸ್ ಕೊಡಿ. ನಾನು ಬರ್ದೇ ಇಲ್ಲ ಅಂದ್ಕೊಳ್ಳಿ."

"ಮುದ್ರೆ ಬಿದ್ದಿದೆ ಸರ್."

ಅವನು ಕೈ ಚಾಚಿದ. ನಿಜಕ್ಕೂ ಚಾಚಿದ, ಮೇಜಿನ ಮೇಲಿನ ಕಾಗದದ ಕಡೆ, ಅಂಗಡಿಯಲ್ಲಿ ಮಕ್ಕಳು ಚಾಚುವ ಹಾಗೆ. ಅವಳು ಕಾಗದವನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು. ಇಬ್ಬರೂ ಆ ಕೈಯನ್ನು ನೋಡಿದರು. ಕೊನೆಗೆ ಅವನೇ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನಿಮ್ಮ ಹೆಸರು ಯಾರಿಗೂ ಹೇಳಲ್ಲ," ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು, ಕೊಡಲು ತನ್ನ ಬಳಿ ಉಳಿದದ್ದು ಅದೊಂದೇ ಎಂಬಂತೆ. "ಹೇಳಿಕೆ ಕೊಟ್ಟೋರ ಹೆಸರು ಗುಟ್ಟಾಗಿಡ್ಬೇಕು ಅಂತ ನಿಯಮ ಇದೆ." ಅಷ್ಟು ಕೇಳಿದ್ದೇ ಅವನ ಎದೆಯಲ್ಲಿ ಏನೋ ಸಡಿಲವಾಯಿತು. ಅರವತ್ತು ಹೋದಾಗ, ಎಂಬತ್ತೆಂಟೂ ಹೋದಾಗ ಆಗದಷ್ಟು ನಾಚಿಕೆ ಅವನಿಗೆ ಆ ಸಡಿಲಿಕೆಯಿಂದ ಆಯಿತು.

ಹೊರಗೆ ಅಕ್ಕ ಎದ್ದು ನಿಂತು ಕೈಗನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. "ಏನಂದ್ಲು? ಒಳ್ಳೆಯೋಳಾ?"

"ಒಳ್ಳೆಯೋಳು ಅಕ್ಕ. ಆದ್ರೆ..." ಎನ್ನುತ್ತಾ ಅವನು ಬೆಂಚಿನ ಮೇಲೆ ಕೂತ.

"ಮೂವತ್ತೇಳೂ!"

"ಬಂದೆ ಕಣಪ್ಪಾ, ಇಲ್ಲೇ ಇದೀನಿ, ಮುಂದಿನ ಸ್ಟಾಪಲ್ಲಿಲ್ಲ!" ಅವಳು ಸಂಚಿಯನ್ನು ಅವನ ತೊಡೆಯ ಮೇಲೆ ಹೇರಿದಳು. "ಹಿಡ್ಕೊ. ಇದನ್ನ ಹಾಕ್ಕೊಂಡು ಹೋದ್ರೆ ಆ ಮೇಡಮ್ಮಿಗೂ ಟಿಕೆಟ್ ಕೊಟ್ಬಿಡ್ತೀನಿ." ಬಾಗಿಲ ಬಳಿ ನಿಂತು, ಸೊಂಟದ ಹಿಂದಿನ ಕೈ ತೆಗೆದು, ನೆಟ್ಟಗಾಗಿ, ನೋವಿಲ್ಲದವಳ ಹಾಗೆ ಒಳಗೆ ಹೋದಳು.

ಬೆಂಚು ಎಡಕ್ಕೆ ವಾಲಿತು. ಎದ್ದು ಹೋಗಬಹುದಿತ್ತು, ಮೆಟ್ಟಿಲು ಇಪ್ಪತ್ತು ಹೆಜ್ಜೆಯಲ್ಲಿತ್ತು. ಆದರೆ ತೊಡೆಯ ಮೇಲೆ ಸಂಚಿ ಇತ್ತು, ಇನ್ನೂ ಅವಳ ಮೈಯ ಬಿಸಿ ಇತ್ತು ಅದಕ್ಕೆ, ಮತ್ತು ಪರರ ಸಂಚಿ ಹಿಡಿದುಕೊಂಡವನು ಎಲ್ಲಿಗೆ ಹೋಗುತ್ತಾನೆ? ಒಳಗಿನಿಂದ ಅವಳ ದನಿ ಕೇಳಿಸಿತು, ಮಾತಲ್ಲ, ಬರೀ ಏರಿಳಿತ. ಒಂದು ಸಲ ಅವಳು ನಕ್ಕಳು. ನೀರು ಕೊಟ್ಟದ್ದಕ್ಕಿರಬೇಕು. ಆಮೇಲೆ ಅಧಿಕಾರಿಯ ದನಿ, ಸಮನಾಗಿ, ಬಲ ಅಂಚು ಕತ್ತರಿಸಿದ ಹಾಗೆ. ಎದುರು ಗೋಡೆಯಲ್ಲಿ ಹೊಸದಾಗಿ ಬಳಿದ ಬಣ್ಣದಡಿ ಹಳೆಯ ಸೂಚನೆಯೊಂದರ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಓದಲು ನೋಡಿದ, ಆಗಲಿಲ್ಲ. ಹೇಳುತ್ತೇನೆ, ಬಂದ ಕೂಡಲೇ ಹೇಳುತ್ತೇನೆ, ಅವಳು ಹೊಡೆದರೆ ಹೊಡೆಯಲಿ ಎಂದು ತನಗೇ ಮಾತು ಕೊಟ್ಟುಕೊಂಡ. ಹೊಡೆದರೆ ಎಷ್ಟು ಚೆನ್ನ ಎಂದೂ ಅನ್ನಿಸಿತು.

ಅವಳು ಬಂದಳು. ಸಂಚಿ ತೆಗೆದುಕೊಂಡಳು. ಕೂತಳು.

"ಸೊನ್ನೆ," ಎಂದಳು. "ಇಪ್ಪತ್ತೆಂಟೂ ಹೋಯ್ತು. ನಿಂದೂ?"

"ನಂದೂ."

"ಅಯ್ಯೋ ಮಂಕೇ. ಅದಕ್ಕೇ ನಿನ್ನ ಮುಖ ಹಾಗಿದ್ದಿದ್ದು. ಹೇಳ್ಬಾರ್ದಾ? ಒಳಗೆ ಹೋಗಿ ಹಲ್ಲು ಕಿರೀತಾ ನಿಂತಿದ್ದೆ." ಅವಳು ಅವನ ಬೆನ್ನನ್ನು ಉಜ್ಜಿದಳು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಪ್ರಯಾಣಿಕನಿಗೆ ಉಜ್ಜುವ ಹಾಗೆ, ಗಟ್ಟಿಯಾಗಿ, ಅಭ್ಯಾಸದಿಂದ. "ಹೆಂಡ್ತಿಗೆ ಏನು ಹೇಳ್ತೀಯೋ ಪಾಪ. ನಂದು ಬಿಡು, ಕಂಬಿ ಅಭ್ಯಾಸ ಆಗಿದೆ." ಅವಳ ಕಣ್ಣು ಒಣಗಿತ್ತು. "ಕಾಲೇಜಿನೋರೇ ಯಾರೋ ಬರ್ದು ಕೊಟ್ಟಿದಾರಂತೆ, ಪಟ್ಟಿ ಸರಿಯಿಲ್ಲ ಅಂತ. ಹೆಸರು ಬಿಡ್ಲಿಲ್ಲ ಅವಳು, ಎಷ್ಟು ಕೇಳಿದ್ರೂ. ಯಾವನಿಗೆ ಏನು ಮಾಡಿದ್ವಿ ಹೇಳು ನಾವು? ನೀನು ಆಫೀಸಲ್ಲಿದ್ದೋನು, ನಿಂಗೆ ಗೊತ್ತಿರತ್ತೆ. ಯಾರೋ ಅದು?"

ಅವಳು ತಿರುಗಿ ಅವನನ್ನು ನೋಡಿದಳು. ಸಂಶಯದಿಂದಲ್ಲ. ಚೀಟಿ ತೆಗೆದುಕೊಂಡಿದ್ದೇನೆ ಎಂದವರ ಮಾತನ್ನು ನಂಬಿ ಮುಂದಿನ ಸೀಟಿಗೆ ಹೋಗುವವಳ ನೋಟ ಅದು. ನಾನೇ. ಎರಡೇ ಅಕ್ಷರ, ಎರಡಕ್ಕೂ ದೀರ್ಘ. ಅದು ನಾಲಿಗೆಯ ಬುಡ ಮುಟ್ಟಿತು, ಬೆನ್ನ ಮೇಲೆ ಇನ್ನೂ ಅವಳ ಅಂಗೈ ಇತ್ತು.

"ಮೇಷ್ಟ್ರು," ಎಂದ.

"ಯಾವ ಮೇಷ್ಟ್ರು?"

"ನಮ್ಮ ಮೇಷ್ಟ್ರೇ ಅಕ್ಕ."

"ಸುಳ್ಳು."

ಅವನು ಸುಮ್ಮನಿದ್ದ. ಸುಮ್ಮನಿರುವುದು ಹೇಳುವುದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

"ಅವರಾ?" ಎಂದಳು. "ನನ್ನ ಕೇಳಿದ್ರು ಅಂದ್ಯಲ್ಲೋ." ಮತ್ತೇನೂ ಕೇಳಲಿಲ್ಲ. ಅಷ್ಟು ಹೊತ್ತು, ಎಂಬತ್ತೆಂಟಕ್ಕೂ ಕುರ್ಚಿಗೂ ಬೆನ್ನಿಗೂ ಅಳದವಳು, ಸಂಚಿಯನ್ನು ಎದೆಗೆ ಅವುಚಿಕೊಂಡು, ಮುಖ ಕೂಡ ಮುಚ್ಚಿಕೊಳ್ಳದೆ, ಬಾಯಿ ತೆರೆದು ಅಳತೊಡಗಿದಳು. ಜವಾನ ಹೊರಗೆ ಇಣುಕಿ ನೋಡಿ, ಮೂವತ್ತೆಂಟನ್ನು ಕೂಗದೆ ಬೆರಳಲ್ಲೇ ಕರೆದ. ಪಕ್ಕದಲ್ಲಿ ಕೂತಿದ್ದ ಅವನು ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಆ ಕೈಗೆ ತಲೆಯೊರಗಿಸಿದಳು.